ಅಸಿಂಕ್ ಸರ್ವಿಸ್: ಶುರುವಿನಿಂದ ಸರಿಯಾಗಿ ನಿಲ್ಲಿಸುವವರೆಗೆ, ಹಂತ ಹಂತವಾಗಿ

"ಹೊಸ ವರ್ಷನ್ ಹಾಕಿದಾಗಲೆಲ್ಲ ಒಂದೆರಡು ಜಾಬ್ ಕಾಣೆಯಾಗುತ್ತವೆ. ಲಾಗ್‌ನಲ್ಲಿ ಎರರ್ ಕೂಡ ಇಲ್ಲ." ಈ ಮಾತನ್ನು ನಾನು ಬೇರೆ ಬೇರೆ ಟೀಮ್‌ಗಳವರಿಂದ ಕೇಳುತ್ತಲೇ ಇದ್ದೇನೆ. ಕೋಡ್ ತೆರೆದು ನೋಡಿದರೆ ಬಹಳ ಸಲ ಒಂದೇ ಕಥೆ. ಸರ್ವಿಸ್ ಶುರು ಮಾಡುವ ಭಾಗವನ್ನು ಜೋಪಾನವಾಗಿ ಬರೆದಿರುತ್ತಾರೆ. ನಿಲ್ಲಿಸುವ ಭಾಗ ಇರುವುದೇ ಇಲ್ಲ. ಇದ್ದರೂ ಕೊನೆ ಗಳಿಗೆಯಲ್ಲಿ ಸೇರಿಸಿದ ನಾಲ್ಕು ಸಾಲು, ಅಷ್ಟೆ.

ಉದಾಹರಣೆಗೆ ಒಂದು ಸರ್ವಿಸ್ ಇಟ್ಟುಕೊಳ್ಳೋಣ. ಅದಕ್ಕೊಂದು ಎಚ್‌ಟಿಟಿಪಿ ಪೋರ್ಟ್ ಇದೆ. ಅಲ್ಲಿ ಬಂದ ಬೇಡಿಕೆಗಳು ಒಂದು ಕ್ಯೂಗೆ ಬೀಳುತ್ತವೆ. ನಾಲ್ಕು ವರ್ಕರ್‌ಗಳು ಕ್ಯೂನಿಂದ ಎತ್ತಿಕೊಂಡು ಬಿಲ್‌ನ ಪಿಡಿಎಫ್ ಮಾಡಿ, ಇಮೇಲ್ ಕಳಿಸಿ, ಡೇಟಾಬೇಸ್‌ನಲ್ಲಿ ಗುರುತು ಹಾಕುತ್ತವೆ. ಇಷ್ಟೇ. ನಾನು ಪೈಥಾನ್‌ನ ಅಸಿಂಕ್‌ಐಒ ಹಿಡಿದು ಹೇಳುತ್ತೇನೆ, ಅಂದರೆ ಒಂದು ಕೆಲಸ ಕಾಯುತ್ತಿರುವಾಗ ಇನ್ನೊಂದನ್ನು ನಡೆಸುವ ಲೈಬ್ರರಿ. ಅದರಲ್ಲಿ ಹೀಗೆ ನಡೆಯುವ ಒಂದೊಂದು ಕೆಲಸ ಒಂದು ಟಾಸ್ಕ್, ಅವನ್ನು ಸರದಿಯಲ್ಲಿ ಓಡಿಸುವುದು ಇವೆಂಟ್ ಲೂಪ್, ಟಾಸ್ಕ್ ನಿಂತು ಕಾಯುವ ಜಾಗ ಅವೇಟ್. ಬೇರೆ ಭಾಷೆಯಲ್ಲಿ ಹೆಸರುಗಳು ಬದಲಾಗುತ್ತವೆ, ಕ್ರಮ ಇದೇ.

## ಶುರು ಮಾಡುವ ಮುಂಚೆ ಬೇಕಾದದ್ದು

ಪೈಥಾನ್ 3.11 ಅಥವಾ ಅದಕ್ಕಿಂತ ಹೊಸದು ಇರಲಿ. ಟಾಸ್ಕ್‌ಗಳನ್ನು ಒಟ್ಟಿಗೆ ನೋಡಿಕೊಳ್ಳುವ ಟಾಸ್ಕ್ ಗ್ರೂಪ್ ಬಂದಿದ್ದು ಆ ವರ್ಷನ್‌ನಲ್ಲಿ, ಅದಿಲ್ಲದೆ ಮುಂದಿನ ಹಂತಗಳು ಕಷ್ಟ. ಲಾಗ್‌ನ ಪ್ರತಿ ಸಾಲಿನಲ್ಲೂ ಮಿಲಿಸೆಕೆಂಡ್‌ವರೆಗಿನ ಸಮಯ ಮತ್ತು ಟಾಸ್ಕ್‌ನ ಹೆಸರು ಬರಬೇಕು. ಟಾಸ್ಕ್‌ಗಳಿಗೆ ಹೆಸರು ಕೊಡದಿದ್ದರೆ "ಟಾಸ್ಕ್-37" ಅಂತ ಕಾಣುತ್ತದೆ. ಅದರಿಂದ ಯಾರಿಗೂ ಉಪಯೋಗವಿಲ್ಲ.

ಡೆವಲಪ್‌ಮೆಂಟ್ ಮಷಿನ್‌ನಲ್ಲಿ ಅಸಿಂಕ್‌ಐಒದ ಡೀಬಗ್ ಮೋಡ್ ಯಾವಾಗಲೂ ಆನ್ ಇರಲಿ. ಇವೆಂಟ್ ಲೂಪನ್ನು 100 ಮಿಲಿಸೆಕೆಂಡ್‌ಗಿಂತ ಜಾಸ್ತಿ ಹಿಡಿದಿಟ್ಟ ಕೋಡ್ ಯಾವುದು ಅಂತ ಅದೇ ಹೇಳುತ್ತದೆ. ಇದರ ಜೊತೆಗೆ, ಸರ್ವಿಸ್‌ಗೆ ಬಿಡದೆ ಬೇಡಿಕೆ ಕಳಿಸುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿಟ್ಟುಕೊಳ್ಳಿ. ಅದರ ಕೆಲಸ ಕೊನೆಯ ಹಂತದಲ್ಲಿ.

## 1. ಎಲ್ಲ ಟಾಸ್ಕ್‌ಗಳ ಪಟ್ಟಿ ಮಾಡಿ, ಮಾಲೀಕರನ್ನು ಗೊತ್ತು ಮಾಡಿ

ಕೋಡ್ ಮುಟ್ಟಬೇಡಿ. ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಸರ್ವಿಸ್ ಓಡುವಾಗ ಏನೇನು ಜೀವಂತ ಇರುತ್ತದೆ ಎಂದು ಬರೆಯಿರಿ: ಪೋರ್ಟ್, ವರ್ಕರ್‌ಗಳು, ಡೇಟಾಬೇಸ್ ಪೂಲ್ (ತೆರೆದಿಟ್ಟ ಕನೆಕ್ಷನ್‌ಗಳ ಗುಂಪು), ಕ್ಯಾಶ್ ಹೊಸದು ಮಾಡುವ ಟೈಮರ್, ಅಂಕಿಅಂಶ ಕಳಿಸುವ ಟಾಸ್ಕ್. ಪ್ರತಿಯೊಂದರ ಎದುರಿಗೂ ಮೂರು ಪ್ರಶ್ನೆಗೆ ಉತ್ತರ ಬೇಕು. ಇದನ್ನು ಹುಟ್ಟಿಸುವುದು ಯಾರು? ನಿಲ್ಲಿಸುವುದು ಯಾರು? ಇದು ಮಧ್ಯದಲ್ಲಿ ಸತ್ತರೆ ಯಾರಿಗೆ ಗೊತ್ತಾಗುತ್ತದೆ?

ಮೂರನೇ ಪ್ರಶ್ನೆಗೆ ಉತ್ತರವಿಲ್ಲದ ಟಾಸ್ಕ್ ಒಂದಾದರೂ ಸಿಕ್ಕೇ ಸಿಗುತ್ತದೆ. ಅದನ್ನು ಗುರುತು ಹಾಕಿಡಿ. ಕಾಣೆಯಾಗುವ ಜಾಬ್‌ಗಳನ್ನು ಹುಡುಕುವಾಗ ನಾನು ಮೊದಲು ನೋಡುವುದು ಅಲ್ಲೇ.

## 2. ಶುರುವಿನ ಕ್ರಮ: ಪೋರ್ಟ್ ಕೊನೆಗೆ

ಕ್ರಮ ಹೀಗಿರಲಿ. ಮೊದಲು ಕಾನ್ಫಿಗ್ ಓದಿ, ತಪ್ಪಿದ್ದರೆ ಅಲ್ಲೇ ನಿಲ್ಲಿ. ನಂತರ ಲಾಗ್. ನಂತರ ಸಿಗ್ನಲ್ ಹ್ಯಾಂಡ್ಲರ್, ಅಂದರೆ ಆಪರೇಟಿಂಗ್ ಸಿಸ್ಟಮ್ ಮೂಲಕ ಬರುವ ಸೂಚನೆಗೆ ಓಡುವ ಕೋಡ್. ನಂತರ ಡೇಟಾಬೇಸ್ ಪೂಲ್. ನಂತರ ವರ್ಕರ್‌ಗಳು. ಎಲ್ಲ ಸಿದ್ಧವಾದ ಮೇಲೆ ಪೋರ್ಟ್ ತೆರೆಯಿರಿ.

ಬಹಳ ಜನ ಪೋರ್ಟನ್ನು ಮೊದಲೇ ತೆರೆದುಬಿಡುತ್ತಾರೆ, ಫ್ರೇಮ್‌ವರ್ಕ್‌ನ ಉದಾಹರಣೆಯಲ್ಲಿ ಹಾಗೆ ಇರುತ್ತದೆ ಅಂತ. ಆಗ ಪೂಲ್ ಸಿದ್ಧವಾಗುವ ಮೊದಲೇ ಬೇಡಿಕೆಗಳು ಬಂದು ಬೀಳುತ್ತವೆ. ಸಿಗ್ನಲ್ ಹ್ಯಾಂಡ್ಲರನ್ನು ಇಷ್ಟು ಮೇಲೆ ಇಟ್ಟಿದ್ದಕ್ಕೂ ಕಾರಣವಿದೆ. ಡೇಟಾಬೇಸ್‌ಗಾಗಿ ಕಾಯುತ್ತಾ ಕೂತಿರುವಾಗಲೇ "ನಿಲ್ಲು" ಅನ್ನುವ ಸಿಗ್ನಲ್ ಬರಬಹುದು ಅಲ್ವಾ?

ಡೇಟಾಬೇಸ್ ಸಿಗದಿದ್ದರೆ ಮತ್ತೆ ಪ್ರಯತ್ನಿಸಿ, ಆದರೆ ಪ್ರತಿ ಸಲ ಕಾಯುವ ಹೊತ್ತನ್ನು ದುಪ್ಪಟ್ಟು ಮಾಡಿ, ಅದಕ್ಕೆ ಸ್ವಲ್ಪ ಏರುಪೇರು ಸೇರಿಸಿ. ಇಲ್ಲದಿದ್ದರೆ ಸರ್ವಿಸ್‌ನ ಎಲ್ಲ ಪ್ರತಿಗಳೂ ಒಂದೇ ಕ್ಷಣಕ್ಕೆ ಡೇಟಾಬೇಸ್‌ನ ಬಾಗಿಲು ಬಡಿಯುತ್ತವೆ. ಒಟ್ಟು ಪ್ರಯತ್ನಕ್ಕೆ ಒಂದು ಮಿತಿ ಇಡಿ. ಮಿತಿ ಮೀರಿದರೆ ಸೊನ್ನೆಯಲ್ಲದ ಎಕ್ಸಿಟ್ ಕೋಡ್ ಕೊಟ್ಟು ಹೊರಗೆ ಬನ್ನಿ. ಮತ್ತೆ ಎಬ್ಬಿಸುವುದು ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಅಥವಾ ಕುಬರ್ನೆಟಿಸ್‌ನ ಕೆಲಸ.

ಪೂಲ್, ಫೈಲ್, ಕನೆಕ್ಷನ್ ಎಲ್ಲವನ್ನೂ ಅಸಿಂಕ್ ಎಕ್ಸಿಟ್ ಸ್ಟ್ಯಾಕ್‌ಗೆ ಸೇರಿಸುತ್ತಾ ಹೋಗಿ. ತೆರೆದ ಕ್ರಮದ ಉಲ್ಟಾ ಕ್ರಮದಲ್ಲಿ ಅದೇ ಮುಚ್ಚುತ್ತದೆ. ಮೂರನೆಯದು ತೆರೆಯುವಾಗ ಎಡವಿದರೆ ಮೊದಲ ಎರಡನ್ನೂ ಮುಚ್ಚುತ್ತದೆ. ಅದನ್ನು ಕೈಯಲ್ಲಿ ಬರೆಯಲು ಹೋದವರು ಮರೆಯುವುದು ಈ ಎರಡನೇ ಮಾತನ್ನೇ.

## 3. ಟಾಸ್ಕ್‌ಗಳನ್ನು ಅನಾಥವಾಗಿ ಬಿಡಬೇಡಿ

"ಕ್ರಿಯೇಟ್ ಟಾಸ್ಕ್" ಕರೆದು, ಅದು ಕೊಟ್ಟ ಟಾಸ್ಕನ್ನು ಎಲ್ಲೂ ಇಟ್ಟುಕೊಳ್ಳದೆ ಮುಂದೆ ಹೋಗುವುದು ಅತಿ ಸಾಮಾನ್ಯ ತಪ್ಪು. ಇವೆಂಟ್ ಲೂಪ್ ಟಾಸ್ಕ್‌ಗಳನ್ನು ಗಟ್ಟಿಯಾಗಿ ಹಿಡಿದಿರುವುದಿಲ್ಲ, ದುರ್ಬಲ ರೆಫರೆನ್ಸ್ ಮಾತ್ರ ಇಟ್ಟುಕೊಂಡಿರುತ್ತದೆ. ನಿಮ್ಮ ಕೋಡ್ ಕೂಡ ಹಿಡಿದಿರದಿದ್ದರೆ ಯಾರೂ ಬಳಸದ ಮೆಮೊರಿಯನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಬಂದು ಅರ್ಧ ಕೆಲಸದಲ್ಲಿದ್ದ ಟಾಸ್ಕನ್ನು ಗುಡಿಸಿಕೊಂಡು ಹೋಗಬಹುದು. ನಿಮ್ಮ ಮಷಿನ್‌ನಲ್ಲಿ ಹೀಗಾಗುವುದು ಅಪರೂಪ. ಲೋಡ್ ಜಾಸ್ತಿಯಾದಾಗ ಆಗುತ್ತದೆ, ಆಗ ಹುಡುಕಿದರೂ ಸಿಗುವುದಿಲ್ಲ.

ಅದಕ್ಕೇ ಟಾಸ್ಕ್ ಗ್ರೂಪ್ ಬಳಸಿ. ಅದರೊಳಗೆ ಹುಟ್ಟಿದ ಎಲ್ಲ ಟಾಸ್ಕ್‌ಗಳೂ ಮುಗಿಯುವವರೆಗೆ ಆ ಬ್ಲಾಕ್ ಮುಗಿಯುವುದಿಲ್ಲ. ಒಂದು ಟಾಸ್ಕ್ ಎರರ್‌ನಿಂದ ಸತ್ತರೆ ಉಳಿದವನ್ನು ಕ್ಯಾನ್ಸಲ್ ಮಾಡಿ, ಎರರನ್ನು ಮೇಲಕ್ಕೆ ಕಳಿಸುತ್ತದೆ. ಮೊದಲ ಹಂತದ ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕಿತು.

ಇಲ್ಲೊಂದು ಎಚ್ಚರಿಕೆ. ಒಂದು ಕೆಟ್ಟ ಬಿಲ್‌ನಿಂದ ವರ್ಕರ್ ಸತ್ತರೆ ಇಡೀ ಗ್ರೂಪ್ ಕೆಳಗಿಳಿಯುತ್ತದೆ. ಅದು ಬೇಡ. ಹಾಗಾಗಿ ವರ್ಕರ್‌ನ ಲೂಪ್ ಒಳಗೆ, ಒಂದೊಂದು ಜಾಬ್‌ನ ಸುತ್ತ ಎರರ್ ಹಿಡಿದು, ಲಾಗ್ ಮಾಡಿ, ಮುಂದಿನದಕ್ಕೆ ಹೋಗಿ. ಜಾಬ್‌ನ ಎರರ್ ವರ್ಕರ್ ಒಳಗೇ ಮುಗಿಯಬೇಕು. ವರ್ಕರ್‌ನದೇ ಎರರ್ ಆದರೆ ಸರ್ವಿಸ್‌ವರೆಗೆ ಹೋಗಬೇಕು.

## 4. ಕ್ಯೂಗೆ ಮಿತಿ ಇಡಿ, ಲೆಕ್ಕ ಹಾಕಿ ಇಡಿ

ಅಸಿಂಕ್‌ಐಒ ಕ್ಯೂಗೆ ನೀವು ಏನೂ ಹೇಳದಿದ್ದರೆ ಮಿತಿ ಇಲ್ಲ. ಮೆಮೊರಿ ತುಂಬುವವರೆಗೆ ತುಂಬಿಕೊಳ್ಳುತ್ತಾ ಹೋಗುತ್ತದೆ. ಮಿತಿ ಇಡುವವರೂ ಸುಮ್ನೆ 1000 ಅಂತ ಹಾಕಿಬಿಡುತ್ತಾರೆ.

ನಾನು ಆ ಸಂಖ್ಯೆಯನ್ನು ನಿಲ್ಲಿಸುವ ಹೊತ್ತಿನಿಂದ ಲೆಕ್ಕ ಹಾಕುತ್ತೇನೆ. ಒಂದು ಬಿಲ್‌ಗೆ 2 ಸೆಕೆಂಡ್ ಬೇಕು ಅಂದುಕೊಳ್ಳಿ. ಕ್ಯೂ ಖಾಲಿ ಮಾಡಲು 15 ಸೆಕೆಂಡ್ ಇದೆ. ಅಂದರೆ ಒಂದು ವರ್ಕರ್ 7 ಬಿಲ್ ಮುಗಿಸಬಹುದು, ನಾಲ್ಕು ವರ್ಕರ್ ಸೇರಿ 28. ನಿಲ್ಲಿಸುವ ಸಿಗ್ನಲ್ ಬಂದಾಗ ನಾಲ್ಕೂ ವರ್ಕರ್‌ಗಳ ಕೈಯಲ್ಲಿ ಒಂದೊಂದು ಬಿಲ್ ಇರಬಹುದು. ಹಾಗಾಗಿ ಕ್ಯೂಗೆ 24 ಸಾಕು. ಅದಕ್ಕಿಂತ ಜಾಸ್ತಿ ಮೆಮೊರಿಯಲ್ಲಿ ಇಟ್ಟುಕೊಂಡರೆ ನಿಲ್ಲಿಸುವಾಗ ಕಳೆದುಕೊಳ್ಳುತ್ತೀರಿ. ಕ್ಯೂ ತುಂಬಿದಾಗ ಹೊಸ ಬೇಡಿಕೆಗೆ 503 (ಈಗ ಆಗುವುದಿಲ್ಲ ಅನ್ನುವ ಎಚ್‌ಟಿಟಿಪಿ ಉತ್ತರ) ಕೊಟ್ಟು ವಾಪಸ್ ಕಳಿಸಿ. ತಗೊಂಡು ಕಳೆಯುವುದಕ್ಕಿಂತ ಬೇಡ ಅನ್ನುವುದು ಮೇಲು.

## 5. "ಬದುಕಿದ್ದೇನೆ" ಮತ್ತು "ಸಿದ್ಧವಿದ್ದೇನೆ" ಬೇರೆ ಬೇರೆ

ಎರಡು ವಿಳಾಸ ಮಾಡಿ. ಲೈವ್‌ನೆಸ್ ಕೇಳುವುದು ಇಷ್ಟೇ: ಇವೆಂಟ್ ಲೂಪ್ ಉಸಿರಾಡುತ್ತಿದೆಯೇ? ರೆಡಿನೆಸ್ ಕೇಳುವುದು: ಈಗ ಬೇಡಿಕೆ ಕಳಿಸಬಹುದೇ?

ಲೈವ್‌ನೆಸ್ ಒಳಗೆ ಡೇಟಾಬೇಸನ್ನು ಪರೀಕ್ಷಿಸಬೇಡಿ. ಡೇಟಾಬೇಸ್ ಒಂದು ನಿಮಿಷ ನಿಧಾನವಾದರೆ ಕುಬರ್ನೆಟಿಸ್ ನಿಮ್ಮ ಎಲ್ಲ ಪಾಡ್‌ಗಳನ್ನೂ, ಅಂದರೆ ಸರ್ವಿಸ್‌ನ ಓಡುತ್ತಿರುವ ಪ್ರತಿಗಳನ್ನೂ, ಒಟ್ಟಿಗೆ ಕೊಂದು ಎಬ್ಬಿಸುತ್ತದೆ. ಎಲ್ಲ ಒಟ್ಟಿಗೆ ಎದ್ದು ಮತ್ತೆ ಅದೇ ಡೇಟಾಬೇಸ್ ಮೇಲೆ ಬೀಳುತ್ತವೆ. ಶುರುವಾಗಲು ಹೊತ್ತು ಹಿಡಿಯುವ ಸರ್ವಿಸ್ ಆದರೆ ಶುರುವಾಗುವ ಹೊತ್ತಿಗಷ್ಟೇ ಪರೀಕ್ಷಿಸುವ ಸ್ಟಾರ್ಟ್‌ಅಪ್ ಪ್ರೋಬ್ ಬಳಸಿ. ಲೈವ್‌ನೆಸ್‌ನ ಮಿತಿಯನ್ನು ಎಳೆದು ಉದ್ದ ಮಾಡಬೇಡಿ.

## 6. ಸಿಗ್ನಲ್ ನಿಮ್ಮ ಕೋಡ್‌ಗೆ ತಲುಪುತ್ತದೆಯೇ ನೋಡಿ

ಇಲ್ಲಿ ನಾನೇ ಅನುಭವಿಸಿದ್ದು ಹೇಳುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ನಮ್ಮ ಡಾಕರ್ ಕಂಟೇನರ್ (ಸರ್ವಿಸನ್ನು ಅದಕ್ಕೆ ಬೇಕಾದದ್ದರ ಜೊತೆ ಕಟ್ಟಿ ಓಡಿಸುವ ಡಬ್ಬಿ) ನಿಲ್ಲಲು ಪ್ರತಿ ಸಲ 10 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. "ಕೈಯಲ್ಲಿರುವ ಕೆಲಸ ಮುಗಿಸುತ್ತಿದೆ, ಒಳ್ಳೆಯದೇ" ಅಂದುಕೊಂಡಿದ್ದೆವು. ತಿಂಗಳುಗಟ್ಟಲೆ. ಒಂದು ದಿನ ಯಾವ ಕೆಲಸವೂ ಇಲ್ಲದ ಹೊತ್ತಿನಲ್ಲಿ ನಿಲ್ಲಿಸಿದೆ. ಆಗಲೂ ಸರಿಯಾಗಿ 10 ಸೆಕೆಂಡ್. ಎಕ್ಸಿಟ್ ಕೋಡ್ ನೋಡಿದರೆ 137. ಎದೆ ಧಸಕ್ ಅಂತು.

137 ಅಂದರೆ 128 ಕೂಡಿಸು 9. ಒಂಬತ್ತು ಅಂದರೆ ಸಿಗ್‌ಕಿಲ್, ತಡೆಯಲು ಆಗದ ಸಿಗ್ನಲ್. ಡಾಕರ್ ಮೊದಲು ಸಿಗ್‌ಟರ್ಮ್, ಅಂದರೆ "ನಿಲ್ಲು" ಅನ್ನುವ ಸಿಗ್ನಲ್, ಕಳಿಸುತ್ತದೆ, 10 ಸೆಕೆಂಡ್ ಕಾಯುತ್ತದೆ, ಆಮೇಲೆ ಕೊಲ್ಲುತ್ತದೆ. ನಮ್ಮ ಸರ್ವಿಸ್‌ಗೆ ಸಿಗ್‌ಟರ್ಮ್ ತಲುಪಿಯೇ ಇರಲಿಲ್ಲ. ಡಾಕರ್‌ಫೈಲ್‌ನಲ್ಲಿ ಕಮಾಂಡನ್ನು ಶೆಲ್ ರೂಪದಲ್ಲಿ ಬರೆದಿದ್ದೆವು. ಕಂಟೇನರ್‌ನ ಮೊದಲ ಪ್ರೊಸೆಸ್ ಶೆಲ್ ಆಗಿತ್ತು, ಪೈಥಾನ್ ಅದರ ಮಗು. ಶೆಲ್ ಸಿಗ್ನಲನ್ನು ಮಗುವಿಗೆ ದಾಟಿಸಲಿಲ್ಲ. ಮೊದಲ ಪ್ರೊಸೆಸ್ ಆಗಿದ್ದರಿಂದ ತಾನೂ ಸಾಯಲಿಲ್ಲ, ಏಕೆಂದರೆ ಹ್ಯಾಂಡ್ಲರ್ ಇಲ್ಲದ ಸಿಗ್‌ಟರ್ಮ್‌ನಿಂದ ಆ ಪ್ರೊಸೆಸ್‌ಗೆ ಏನೂ ಆಗದಂತೆ ಕರ್ನಲ್ ನೋಡಿಕೊಳ್ಳುತ್ತದೆ.

ಪರಿಹಾರ ಒಂದೇ ಸಾಲು. ಕಮಾಂಡನ್ನು ಚೌಕ ಆವರಣದ ಪಟ್ಟಿಯಾಗಿ, ಅಂದರೆ ಎಕ್ಸೆಕ್ ರೂಪದಲ್ಲಿ ಬರೆಯಿರಿ. ಶೆಲ್ ಸ್ಕ್ರಿಪ್ಟ್ ಬೇಕೇ ಬೇಕು ಅಂದರೆ ಅದರ ಕೊನೆಯ ಸಾಲು "ಎಕ್ಸೆಕ್" ಇಂದ ಶುರುವಾಗಲಿ.

ಇದರಿಂದ ಒಂದು ಪಾಠ ಕಲಿತೆ, ಇವತ್ತಿಗೂ ಬಳಸುತ್ತೇನೆ. ನಿಲ್ಲಲು ಹಿಡಿಯುವ ಸಮಯ ಪ್ರತಿ ಸಲ ಸರಿಯಾಗಿ 10, 30 ಅಥವಾ 90 ಸೆಕೆಂಡ್ ಇದ್ದರೆ ಅನುಮಾನಪಡಿ. ಡಾಕರ್‌ನ ಮಾಮೂಲಿ ಮಿತಿ 10, ಕುಬರ್ನೆಟಿಸ್‌ನದು 30, ಸಿಸ್ಟಮ್‌ಡಿಯದು 90. ನಿಮ್ಮ ಸರ್ವಿಸ್ ನಿಲ್ಲುತ್ತಿಲ್ಲ, ಅದನ್ನು ಕೊಲ್ಲಲಾಗುತ್ತಿದೆ.

ಇನ್ನು ಹ್ಯಾಂಡ್ಲರ್ ವಿಷಯ. ಇವೆಂಟ್ ಲೂಪ್ ಮೂಲಕವೇ ಸೇರಿಸಿ. ಅದರೊಳಗೆ ಮಾಡಬೇಕಾದ್ದು ಒಂದೇ ಕೆಲಸ: "ನಿಲ್ಲು" ಅನ್ನುವ ಇವೆಂಟನ್ನು ಸೆಟ್ ಮಾಡುವುದು. ಡೇಟಾಬೇಸ್ ಮುಚ್ಚುವುದು, ಟಾಸ್ಕ್ ಕ್ಯಾನ್ಸಲ್ ಮಾಡುವುದು ಎಲ್ಲ ಮುಖ್ಯ ಟಾಸ್ಕ್ ನೋಡಿಕೊಳ್ಳಲಿ. ಎರಡನೇ ಸಲ ಸಿಗ್ನಲ್ ಬಂದರೆ ತಕ್ಷಣ ಹೊರಗೆ ಬರುವ ದಾರಿಯೂ ಇರಲಿ. ವಿಂಡೋಸ್‌ನಲ್ಲಿ ಲೂಪ್‌ನ ಈ ಸೌಲಭ್ಯ ಇಲ್ಲ, ಅದು ನೆನಪಿರಲಿ.

## 7. ನಿಲ್ಲಿಸುವ ಕ್ರಮ, ಪ್ರತಿ ಹೆಜ್ಜೆಗೂ ಸೆಕೆಂಡ್ ಲೆಕ್ಕ

ಕುಬರ್ನೆಟಿಸ್ ಕೊಡುವ 30 ಸೆಕೆಂಡ್‌ಗಳನ್ನು ನಾನು ಹೀಗೆ ಹಂಚುತ್ತೇನೆ.

ಮೊದಲ 5 ಸೆಕೆಂಡ್: ಸುಮ್ಮನೆ ಕಾಯುವುದು. ವಿಚಿತ್ರ ಅನಿಸಬಹುದು. ಪಾಡ್ ನಿಲ್ಲಿಸು ಅಂದಾಗ ಕುಬರ್ನೆಟಿಸ್ ಎರಡು ಕೆಲಸವನ್ನು ಒಟ್ಟಿಗೆ ಶುರು ಮಾಡುತ್ತದೆ: ಟ್ರಾಫಿಕ್ ಪಟ್ಟಿಯಿಂದ ನಿಮ್ಮನ್ನು ತೆಗೆಯುವುದು, ನಿಮ್ಮನ್ನು ನಿಲ್ಲಿಸುವುದು. ಒಂದು ಇನ್ನೊಂದಕ್ಕೆ ಕಾಯುವುದಿಲ್ಲ. ಸಿಗ್ನಲ್ ಬಂದ ಕೂಡಲೇ ಪೋರ್ಟ್ ಮುಚ್ಚಿದರೆ, ಪಟ್ಟಿ ಬದಲಾಗುವ ಮೊದಲು ಬಂದ ಬೇಡಿಕೆಗಳಿಗೆಲ್ಲ "ಕನೆಕ್ಷನ್ ರೆಫ್ಯೂಸ್ಡ್" ಸಿಗುತ್ತದೆ. ಸಿಗ್‌ಟರ್ಮ್‌ಗೆ ಮುಂಚೆ ಕುಬರ್ನೆಟಿಸ್ ಓಡಿಸುವ ಪ್ರೀಸ್ಟಾಪ್ ಹುಕ್‌ನಲ್ಲಿ 5 ಸೆಕೆಂಡ್ ನಿದ್ದೆ ಹಾಕಿ. ಆ ನಿದ್ದೆಯೂ 30ರ ಒಳಗೇ ಎಣಿಕೆಯಾಗುತ್ತದೆ. ಸಿಗ್‌ಟರ್ಮ್ ನಿಮಗೆ ಸಿಗುವ ಹೊತ್ತಿಗೆ ಉಳಿಯುವುದು 25.

ಮುಂದಿನ 15: ಡ್ರೈನ್. ಪೋರ್ಟ್ ಮುಚ್ಚಿ, ಕೈಯಲ್ಲಿರುವ ಬೇಡಿಕೆ ಮತ್ತು ಕ್ಯೂನಲ್ಲಿರುವ ಜಾಬ್ ಮುಗಿಸಿ. ಸುಮ್ಮನೆ ತೆರೆದಿಟ್ಟಿರುವ ಕೀಪ್-ಅಲೈವ್ ಕನೆಕ್ಷನ್‌ಗಳನ್ನು ಮರೆಯಬೇಡಿ. ಆ ಕಡೆಯವರು ಮುಚ್ಚಲಿ ಅಂತ ಕಾಯುತ್ತಾ ಕೂತರೆ 15 ಸೆಕೆಂಡ್ ಅದರಲ್ಲೇ ಕಳೆಯುತ್ತದೆ. ಅವನ್ನು ನೀವೇ ಮುಚ್ಚಿ.

ನಂತರ 5: ಇನ್ನೂ ಮುಗಿಯದ ಟಾಸ್ಕ್‌ಗಳನ್ನು ಕ್ಯಾನ್ಸಲ್ ಮಾಡಿ, ಅವು ಸ್ವಚ್ಛ ಮಾಡಿಕೊಳ್ಳಲಿ. ಯಾವುದನ್ನು ಕ್ಯಾನ್ಸಲ್ ಮಾಡಿದಿರಿ ಅಂತ ಹೆಸರು ಸಮೇತ ಲಾಗ್ ಮಾಡಿ.

ನಂತರ 2: ಪೂಲ್ ಮುಚ್ಚಿ, ಲಾಗ್ ಬರೆದು ಮುಗಿಸಿ. ಉಳಿದ 3 ಸೆಕೆಂಡ್ ಕೈಯಲ್ಲಿರಲಿ.

ಪೂಲನ್ನು ವರ್ಕರ್‌ಗಳಿಗಿಂತ ಮೊದಲು ಮುಚ್ಚುವುದು ಸಾಮಾನ್ಯ ತಪ್ಪು. ಆಗ ಚೆನ್ನಾಗಿ ನಡೆಯುತ್ತಿದ್ದ ಜಾಬ್‌ಗಳು ಕೊನೆಯ ಸಾಲಿನಲ್ಲಿ, ಗುರುತು ಹಾಕುವ ಹೊತ್ತಿಗೆ, "ಪೂಲ್ ಮುಚ್ಚಿದೆ" ಅಂತ ಬೀಳುತ್ತವೆ. ಇಮೇಲ್ ಹೋಗಿರುತ್ತದೆ, ಗುರುತು ಇರುವುದಿಲ್ಲ.

## 8. ಕ್ಯಾನ್ಸಲ್ ಅಂದರೆ ಏನು ಅಂತ ತಿಳಿದು ಬಳಸಿ

ಕ್ಯಾನ್ಸಲ್ ಒಂದು ಕೋರಿಕೆ, ಅಷ್ಟೆ. ಟಾಸ್ಕ್ ಅವೇಟ್ ಮಾಡಿ ನಿಂತಿರುವ ಜಾಗದಲ್ಲಿ ಕ್ಯಾನ್ಸಲ್ಡ್ ಎರರ್ ಹುಟ್ಟುತ್ತದೆ. ಅವೇಟ್‌ಗೇ ಬಾರದ ಕೋಡ್‌ಗೆ ಅದು ತಲುಪುವುದೇ ಇಲ್ಲ. ಮಾಮೂಲಿ ಸ್ಲೀಪ್, ಸಿಂಕ್ ಎಚ್‌ಟಿಟಿಪಿ ಲೈಬ್ರರಿ, ಪಿಡಿಎಫ್ ಮಾಡುವ ಭಾರದ ಲೆಕ್ಕ ಎಲ್ಲ ಈ ಜಾತಿಗೆ ಸೇರಿದವು.

ಥ್ರೆಡ್‌ಗೆ ಕಳಿಸಿದ ಕೆಲಸವೂ ಅಷ್ಟೇ. ಕಾಯುತ್ತಿದ್ದ ಟಾಸ್ಕ್ ಕ್ಯಾನ್ಸಲ್ ಆಗುತ್ತದೆ, ಥ್ರೆಡ್ ಪಾಡಿಗೆ ಥ್ರೆಡ್ ಓಡುತ್ತಿರುತ್ತದೆ. "ಎಲ್ಲ ಟಾಸ್ಕ್ ಮುಗಿದವು" ಅಂತ ಲಾಗ್ ಬಂದ ಮೇಲೂ ಪ್ರೊಸೆಸ್ ಜಪ್ಪಯ್ಯ ಅಂದರೂ ಕದಲದಿದ್ದರೆ ಮೊದಲು ಥ್ರೆಡ್‌ಗಳನ್ನು ನೋಡಿ. ಥ್ರೆಡ್ ಒಳಗಿನ ಪ್ರತಿ ನೆಟ್‌ವರ್ಕ್ ಕರೆಗೂ ಅದರದೇ ಟೈಮ್‌ಔಟ್ ಇರಬೇಕು. ಬೇರೆ ದಾರಿ ಇಲ್ಲ.

ಕ್ಯಾನ್ಸಲ್ಡ್ ಎರರನ್ನು ನುಂಗಬೇಡಿ. ಪೈಥಾನ್ 3.8ರಿಂದ ಅದು ಮಾಮೂಲಿ ಎಕ್ಸೆಪ್ಶನ್‌ನ ಕೆಳಗೆ ಬರುವುದಿಲ್ಲ, ಹಾಗಾಗಿ "ಎಕ್ಸೆಪ್ಟ್ ಎಕ್ಸೆಪ್ಶನ್" ಅದನ್ನು ಹಿಡಿಯುವುದಿಲ್ಲ. ಆದರೆ ಏನೂ ಹೆಸರಿಸದ ಬರೀ "ಎಕ್ಸೆಪ್ಟ್" ಹಿಡಿಯುತ್ತದೆ. ಹಾಗೆ ಹಿಡಿದು ಲೂಪ್ ಮುಂದುವರಿಸುವ ವರ್ಕರ್ ಎಂದಿಗೂ ನಿಲ್ಲುವುದಿಲ್ಲ. ಸ್ವಚ್ಛ ಮಾಡುವ ಕೋಡನ್ನು ಫೈನಲಿ ಬ್ಲಾಕ್‌ನಲ್ಲಿ ಇಡಿ, ಅಲ್ಲಿ ಅವೇಟ್ ಇದ್ದರೆ ಅದಕ್ಕೂ ಟೈಮ್‌ಔಟ್ ಹಾಕಿ.

ವರ್ಕರ್ ಒಳಗೆ ಎರಡು ಜಾಗ ಇವೆ ಅನ್ನುವುದನ್ನು ಗಮನಿಸಿ. ಒಂದು, ಕ್ಯೂ ಮುಂದೆ ಖಾಲಿ ಕೈಯಲ್ಲಿ ಕಾಯುವ ಜಾಗ. ಇನ್ನೊಂದು, ಬಿಲ್ ಕೈಯಲ್ಲಿ ಹಿಡಿದು ಕೆಲಸ ಮಾಡುವ ಜಾಗ. ಮೊದಲನೆಯದರಲ್ಲಿ ಯಾವಾಗ ಬೇಕಾದರೂ ಎಬ್ಬಿಸಬಹುದು. ಎರಡನೆಯದರಲ್ಲಿ ಎಬ್ಬಿಸಿದರೆ ಅರ್ಧ ಕೆಲಸ. ಬರೀ "ನಿಲ್ಲು" ಇವೆಂಟನ್ನು ಲೂಪ್‌ನ ತುದಿಯಲ್ಲಿ ನೋಡಿದರೆ ಸಾಲದು, ಏಕೆಂದರೆ ಖಾಲಿ ಕ್ಯೂ ಮುಂದೆ ಮಲಗಿದ ವರ್ಕರ್ ಆ ಸಾಲಿಗೆ ಬರುವುದೇ ಇಲ್ಲ. ಪೈಥಾನ್ 3.13ರಲ್ಲಿ ಕ್ಯೂಗೆ ಶಟ್‌ಡೌನ್ ಬಂದಿದೆ: ಇರುವ ಜಾಬ್‌ಗಳನ್ನು ಕೊಟ್ಟು ಮುಗಿಸಿ, ಆಮೇಲೆ ಕಾಯುವವರನ್ನೆಲ್ಲ ಎಬ್ಬಿಸುತ್ತದೆ. ಹಳೆಯ ವರ್ಷನ್ ಆದರೆ ವರ್ಕರ್‌ಗೆ ಒಂದರಂತೆ "ಮುಗಿಯಿತು" ಅನ್ನುವ ಗುರುತಿನ ವಸ್ತುವನ್ನು ಕ್ಯೂಗೆ ಹಾಕಿ.

ಶೀಲ್ಡ್ ಬಳಸುವ ಆಸೆ ಬರುತ್ತದೆ. ಅದು ಒಳಗಿನ ಕೆಲಸವನ್ನು ಉಳಿಸುತ್ತದೆ ನಿಜ. ಆದರೆ ಹೊರಗೆ ಕಾಯುತ್ತಿದ್ದ ಟಾಸ್ಕ್ ಕ್ಯಾನ್ಸಲ್ ಆಗೇ ಆಗುತ್ತದೆ, ಒಳಗಿನದಕ್ಕೆ ಆಮೇಲೆ ಮಾಲೀಕರು ಇರುವುದಿಲ್ಲ. ತೀರಾ ಬೇಕಾದಾಗ ಮಾತ್ರ ಬಳಸಿ, ಒಳಗಿನ ಟಾಸ್ಕನ್ನು ಒಂದು ಸೆಟ್‌ನಲ್ಲಿ ಹಿಡಿದಿಡಿ.

## 9. ಎರಡು ಸಲ ನಡೆದರೂ ಕೆಡದ ಹಾಗೆ ಜಾಬ್ ಬರೆಯಿರಿ

ಇಷ್ಟೆಲ್ಲ ಮಾಡಿದರೂ ಕರೆಂಟ್ ಹೋಗಬಹುದು, ಮಷಿನ್ ಸಾಯಬಹುದು. ಕಳೆದುಹೋಗಬಾರದ ಜಾಬ್ ಮೆಮೊರಿಯ ಕ್ಯೂನಲ್ಲಿ ಇರಬಾರದು, ರ‍್ಯಾಬಿಟ್‌ಎಂಕ್ಯೂ ಥರದ ಬ್ರೋಕರ್‌ನಲ್ಲಿ, ಅಂದರೆ ಜಾಬ್‌ಗಳನ್ನು ಹಿಡಿದಿಟ್ಟು ಹಂಚುವ ಬೇರೆ ಸರ್ವಿಸ್‌ನಲ್ಲಿ, ಇರಬೇಕು. ಕೆಲಸ ಮುಗಿದ ಮೇಲೆ ಮಾತ್ರ ಅಕ್ನಾಲೆಜ್ ಮಾಡಿ, ಅಂದರೆ ಮುಗಿಯಿತು ಅಂತ ಬ್ರೋಕರ್‌ಗೆ ತಿಳಿಸಿ. ಅಕ್ನಾಲೆಜ್ ಆಗದೆ ಕನೆಕ್ಷನ್ ಕಡಿದರೆ ಬ್ರೋಕರ್ ಆ ಜಾಬನ್ನು ಇನ್ನೊಬ್ಬ ವರ್ಕರ್‌ಗೆ ಕೊಡುತ್ತದೆ. ಅಂದರೆ ಒಂದೇ ಬಿಲ್ ಎರಡು ಸಲ ಬರಬಹುದು. ಪ್ರತಿ ಬಿಲ್‌ಗೆ ಒಂದು ವಿಶಿಷ್ಟ ಸಂಖ್ಯೆ ಕೊಡಿ. ಡೇಟಾಬೇಸ್‌ನಲ್ಲಿ ಅದರ ಮೇಲೆ ಯೂನಿಕ್ ನಿರ್ಬಂಧ ಇರಲಿ. ಕೆಲಸ ಶುರು ಮಾಡುವ ಮುಂಚೆ ಮುಗಿದಿದೆಯೇ ಅಂತ ನೋಡಿ. ಇಮೇಲ್ ಕಳಿಸುವ ಸರ್ವಿಸ್ ಇಂಥ ಸಂಖ್ಯೆಯನ್ನು ಒಪ್ಪಿಕೊಳ್ಳುವುದಾದರೆ ಅದಕ್ಕೂ ಕೊಡಿ.

## ಲಾಗ್‌ನಲ್ಲಿ ಕಂಡರೆ ನಿಲ್ಲಿ ನೋಡಬೇಕಾದವು

"ಟಾಸ್ಕ್ ವಾಸ್ ಡಿಸ್ಟ್ರಾಯ್ಡ್ ಬಟ್ ಇಟ್ ಈಸ್ ಪೆಂಡಿಂಗ್" ಬಂದರೆ ಅನಾಥ ಟಾಸ್ಕ್ ಇದೆ, 3ನೇ ಹಂತಕ್ಕೆ ಹೋಗಿ. "ಟಾಸ್ಕ್ ಎಕ್ಸೆಪ್ಶನ್ ವಾಸ್ ನೆವರ್ ರಿಟ್ರೀವ್ಡ್" ಅಂದರೆ ಟಾಸ್ಕ್ ಸತ್ತಿದೆ, ಯಾರೂ ಕೇಳಿಲ್ಲ. "ವಾಸ್ ನೆವರ್ ಅವೇಟೆಡ್" ಅಂದರೆ ಅವೇಟ್ ಬರೆಯುವುದು ಮರೆತಿದ್ದೀರಿ, ಆ ಕೆಲಸ ಶುರುವೇ ಆಗಿಲ್ಲ. ಈ ಮೂರನ್ನೂ ಟೆಸ್ಟ್‌ನಲ್ಲಿ ಕಂಡ ಕೂಡಲೇ ಫೇಲ್ ಮಾಡಿ. ವಾರ್ನಿಂಗ್ ತಾನೆ ಅಂತ ಬಿಟ್ಟರೆ ಡಿಪ್ಲಾಯ್ ದಿನ ಬಂದು ಕಾಡುತ್ತವೆ.

ಎಕ್ಸಿಟ್ ಕೋಡ್ 143 ಬಂದರೆ ಸಾಮಾನ್ಯವಾಗಿ ಸಿಗ್‌ಟರ್ಮ್ ತಲುಪಿದೆ, ಆದರೆ ನಿಮ್ಮ ಹ್ಯಾಂಡ್ಲರ್ ಇರಲಿಲ್ಲ ಎಂದು ಅರ್ಥ. ಸರಿಯಾಗಿ ನಿಂತರೆ ಸೊನ್ನೆ ಬರಬೇಕು. 137 ಬಂದಾಗ ಮೆಮೊರಿ ಮಿತಿ ಮೀರಿ ಕರ್ನಲ್ ಕೊಂದಿದೆಯೇ ಎಂದೂ ನೋಡಿ, ಆಗಲೂ ಇದೇ ಸಂಖ್ಯೆ ಬರುತ್ತದೆ.

## 10. ಲೋಡ್ ಇರುವಾಗಲೇ ನಿಲ್ಲಿಸಿ ನೋಡಿ

ಮೊದಲೇ ಬರೆದಿಟ್ಟ ಸ್ಕ್ರಿಪ್ಟ್ ಈಗ ತೆಗೆಯಿರಿ. 500 ಬೇಡಿಕೆ ಕಳಿಸಲಿ, ಪ್ರತಿಯೊಂದಕ್ಕೂ ಸಂಖ್ಯೆ ಇರಲಿ, "ಸರಿ" ಅಂತ ಉತ್ತರ ಬಂದ ಸಂಖ್ಯೆಗಳನ್ನು ಫೈಲ್‌ಗೆ ಬರೆಯಲಿ. ಅರ್ಧ ದಾರಿಯಲ್ಲಿ ಸಿಗ್‌ಟರ್ಮ್ ಕಳಿಸಿ. ಸರ್ವಿಸ್ ನಿಂತ ಮೇಲೆ ಫೈಲನ್ನು ಡೇಟಾಬೇಸ್ ಜೊತೆ ಹೋಲಿಸಿ. "ಸರಿ" ಅಂದ ಪ್ರತಿ ಬಿಲ್ ಅಲ್ಲಿ ಒಂದೇ ಒಂದು ಸಲ ಇರಬೇಕು.

ಮುಗಿದ ಮೇಲೆ ಇದನ್ನೇ ಇನ್ನೂ ಮೂರು ಥರ ಮಾಡಿ. ಡೇಟಾಬೇಸ್ ನಿಲ್ಲಿಸಿಟ್ಟು ಸಿಗ್ನಲ್ ಕಳಿಸಿ. ಸರ್ವಿಸ್ ಇನ್ನೂ ಶುರುವಾಗುತ್ತಿರುವಾಗಲೇ ಕಳಿಸಿ. ಸಿಗ್‌ಟರ್ಮ್ ಬದಲು ಸಿಗ್‌ಕಿಲ್ ಕಳಿಸಿ, ಮತ್ತೆ ಎಬ್ಬಿಸಿ, ಉಳಿದ ಜಾಬ್‌ಗಳನ್ನು ಎತ್ತಿಕೊಳ್ಳುತ್ತದೆಯೇ ನೋಡಿ. ಒಂದು ಸಲ ಪಾಸ್ ಆಯಿತು ಅಂತ ನಂಬಬೇಡಿ, ಇಂಥ ತಪ್ಪುಗಳು ಹತ್ತರಲ್ಲಿ ಒಂದು ಸಲ ಮಾತ್ರ ಕಾಣುತ್ತವೆ. ಸಿಗ್ನಲ್ ಕಳಿಸುವ ಗಳಿಗೆಯನ್ನು ಪ್ರತಿ ಸಲ ಬದಲಿಸುತ್ತಾ ಐವತ್ತು ಸಲ ಓಡಿಸಿ. ನಂತರ ಈ ಟೆಸ್ಟನ್ನು ಬಿಲ್ಡ್ ಪೈಪ್‌ಲೈನ್‌ಗೆ ಸೇರಿಸಿ, ಮುಂದೆ ಯಾರಾದರೂ ಡಾಕರ್‌ಫೈಲ್‌ನ ಆ ಒಂದು ಸಾಲು ಬದಲಿಸಿದರೆ ಅದೇ ದಿನ ಗೊತ್ತಾಗಲಿ.